ಲೆಫ್ಟ್ ಬ್ಯಾಕ್ ತ್ರಾಯನ್

ಸಿಡ್ನಿಯ ಗಿರಾವೀನ್‌ನಲ್ಲಿ ನನ್ನ ಮಗಳು ಆದ್ಯಾ ಆಡುವ ಹುಡುಗಿಯರ ಫುಟ್‌ಬಾಲ್ ಟೀಮಿಗೆ ನಾನು ಮ್ಯಾನೇಜರ್. ಹೆಸರಿಗಷ್ಟೇ ಮ್ಯಾನೇಜರ್. ಕೆಲಸವೆಂದರೆ ಜರ್ಸಿ ಒಗೆಯುವುದು, ಕಿತ್ತಳೆ ಹೆಚ್ಚಿ ಡಬ್ಬಿಗೆ ತುಂಬುವುದು, ವಾಟ್ಸಾಪ್ ಗ್ರೂಪಿನಲ್ಲಿ ಮಿಕ್ಕ ಅಪ್ಪ ಅಮ್ಮಂದಿರಿಂದ ಬೈಸಿಕೊಳ್ಳುವುದು. ಬೈಸಿಕೊಂಡು ಸುಮ್ಮನಿರುವವಳಲ್ಲ ನಾನು. ಹಾಸನದವಳು, ಜಲಜಾ ಅಂತ. ಕೋಪ ಮೂಗಿನ ತುದಿಯಲ್ಲೇ ಕೂತಿರುತ್ತದೆ ಎಂದು ನನ್ನ ಗಂಡ ರಾಘವ್ ಹೋದಲ್ಲಿ ಬಂದಲ್ಲಿ ಹೇಳಿ ಮಾನ ಕಳೆಯುತ್ತಾನೆ. ಇರಲಿ, ನಾನು ಹೇಳಹೊರಟಿದ್ದು ನಮ್ಮ ಕೋಚ್ ವಿಷಯ.

ಅವರ ಹೆಸರು ತ್ರಾಯನ್ ಕೊಜ್ಮಾ. ರೊಮೇನಿಯಾದವರು, ಅರವತ್ತಕ್ಕೆ ಒಂದು ವರ್ಷ ಕಡಿಮೆ. ವಾರವೆಲ್ಲ ಕೌನ್ಸಿಲ್ ಮೈದಾನಗಳಲ್ಲಿ ಹುಲ್ಲು ಕತ್ತರಿಸಿ ಬಿಳಿ ಗೆರೆ ಎಳೆಯುವ ಕೆಲಸ. ಬುಧವಾರ ಸಂಜೆ, ಶನಿವಾರ ಬೆಳಗ್ಗೆ ನಮ್ಮ ಹುಡುಗಿಯರಿಗೆ ಆಟ ಹೇಳಿಕೊಡುವುದು. ಪ್ಯಾರಮಟ್ಟಾದಲ್ಲಿ ಒಂದು ಬೆಡ್‌ರೂಮಿನ ಯೂನಿಟ್‌ನಲ್ಲಿ ಒಬ್ಬರೇ ಇದ್ದಾರೆ. ಹೆಂಡತಿ ಎಂದೋ ಊರಿಗೆ ವಾಪಸ್ ಹೋದರಂತೆ, ಅದರ ಬಗ್ಗೆ ಅಷ್ಟೇ ಹೇಳುತ್ತಾರೆ.

ಮೊದಲ ದಿನವೇ ಅವರು, "ನನ್ನನ್ನ ತ್ರಾಯನ್ ಅನ್ನಿ ಸಾಕು" ಎಂದಿದ್ದರು. ನನ್ನ ನಾಲಿಗೆ ಹೊರಳಲಿಲ್ಲ. ನನಗಿಂತ ಹದಿನಾರು ವರ್ಷ ದೊಡ್ಡವರನ್ನು ಹೆಸರು ಹಿಡಿದು ಕೂಗುವುದೆಂದರೇನು? ಚಾಟ್ಸ್‌ವುಡ್‌ನ ಆಫೀಸಿನಲ್ಲಿ ನನ್ನ ಬಾಸ್‌ನನ್ನು ಹೆಸರು ಹಿಡಿದೇ ಕರೆಯುತ್ತೇನೆ ನಿಜ, ಅಲ್ಲಿ ನಾಲಿಗೆಯನ್ನೂ ಸೇರಿಸಿಯೇ ಸಂಬಳ ಕೊಡುತ್ತಾರೆ. ಮೈದಾನದಲ್ಲಿ ಮಾತ್ರ ಹಾಸನದ ಬುದ್ಧಿ ಬಿಡಲಿಲ್ಲ. ಅಂಕಲ್ ಎನ್ನೋಣವೆಂದರೆ ಸರಿ ಕಾಣಲಿಲ್ಲ. ಕೊನೆಗೆ ಕೋಚ್ ಎಂದೆ. ಆಮೇಲೂ ಅವರು ನಾಲ್ಕೈದು ಸಲ "ತ್ರಾಯನ್" ಎಂದು ತಿದ್ದಿದರು. ನಾನು ಕಿವಿ ಮೇಲೆ ಹಾಕಿಕೊಳ್ಳಲಿಲ್ಲ.

ನಮಗಿಬ್ಬರಿಗೂ ಸಲಿಗೆ ಬೆಳೆದದ್ದು ಒಂದು ಜಗಳದಿಂದ. ಆದ್ಯಾ ಎಡಗಡೆಯ ಡಿಫೆನ್ಸ್ ಆಡುತ್ತಾಳೆ. ಮ್ಯಾಚ್ ನಡೆಯುವಾಗ ಇದ್ದಕ್ಕಿದ್ದಂತೆ ತನ್ನ ಜಾಗ ಬಿಟ್ಟು ಗೆರೆಯ ಹತ್ತಿರ ಓಡಿ ಬಂದು ಕೋಚ್ ಮುಂದೆ ನಿಂತುಬಿಡುವಳು. ಅವಳು ಬಿಟ್ಟ ಜಾಗದಲ್ಲೇ ಎದುರಿನವರು ನುಗ್ಗಿ ಗೋಲು ಹೊಡೆಯುವರು. ಮೂರು ಮ್ಯಾಚ್ ಹೀಗೇ ಸೋತೆವು. "ನಿಮ್ಮ ಮಗಳಿಗೆ ಏನಾಗಿದೆ?" ಎಂದು ಕೋಚ್ ಕೇಳಿದಾಗ ನನ್ನ ತಲೆ ಕೆಟ್ಟಿತು. "ನೀವು ಏನು ಹೇಳಿಕೊಟ್ರೋ ಅದನ್ನೇ ಮಾಡ್ತಿದಾಳೆ" ಎಂದು ರೇಗಿದೆ. ಮುಂದಿನ ಶನಿವಾರ ಬೇಕೆಂದೇ ಅವರ ಪಕ್ಕದಲ್ಲಿ ನಿಂತು ಕೇಳಿಸಿಕೊಂಡೆ. ಅವರು ಕೂಗುತ್ತಿದ್ದದ್ದು, "ಬ! ಬ, ಆದ್ಯಾ!"

ಅಯ್ಯೋ ರಾಮ! ಮನೆಯಲ್ಲಿ ನಾನು ಕನ್ನಡದಲ್ಲಿ ಹತ್ತು ಮಾತು ಆಡಿದರೆ ಇಂಗ್ಲಿಷಿನಲ್ಲಿ ಅರ್ಧ ಮಾತು ಉತ್ತರ ಕೊಡುವ ಹುಡುಗಿ ಅವಳು. ಅವಳು ತಕ್ಷಣ ಪಾಲಿಸುವ ಕನ್ನಡ ಪದ ಒಂದೇ, ಬಾ. ನಾನು ಅರ್ಥ ಹೇಳಿದ ಮೇಲೆ ಕೋಚ್ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ನಮ್ಮಲ್ಲಿ ಬ ಅನ್ನೋದು ಗೆಳೆಯರು ಗೆಳೆಯರು ಕರೆಯೋ ಮಾತು," ಎಂದರು. "ದೊಡ್ಡವರಿಗೆ ಅನ್ನೋ ಹಾಗಿಲ್ಲ. ಹೆಣ್ಣುಮಕ್ಕಳಿಗೂ ಅನ್ನಬಾರದು, ನನಗೆ ಮೈದಾನದಲ್ಲಿ ಬಾಯಿ ತಪ್ಪತ್ತೆ. ಇಂಗ್ಲಿಷಲ್ಲಿ ಇದಕ್ಕೆ ಪದ ಇಲ್ಲ."

"ನಮ್ಮಲ್ಲಿದೆ. ಲೋ ಅಂತೀವಿ," ಎಂದೆ.

"ಲೋ," ಎಂದು ಅವರೂ ಒಂದು ಸಲ ಹೇಳಿ ನೋಡಿದರು. ಆಮೇಲೆ ಗೋಲಿನ ಬಲೆ ಸುತ್ತುತ್ತಾ, "ನನ್ನನ್ನ ಯಾರೂ ಹಾಗೆ ಕರೆದು ಇಪ್ಪತ್ಮೂರು ವರ್ಷ ಆಯ್ತು" ಎಂದರು. ಈ ದೇಶದಲ್ಲಿ ನನ್ನ ಹೆಸರು 'ಆದ್ಯಾಳ ಮಮ್'. "ಏನೇ ಜಲಜಿ, ಊಟ ಆಯ್ತೇನೇ" ಎನ್ನುತ್ತಿದ್ದ ನನ್ನಮ್ಮ ಹೋಗಿ ನಾಲ್ಕು ವರ್ಷ. ರಾಘವ್ ನೀನು ಎನ್ನುತ್ತಾನೆ, ಪಾಪ, ಆದರೆ ಆ 'ಏನೇ' ಅವನ ಬಾಯಲ್ಲಿ ಬರುವುದಿಲ್ಲ. ಹಾಗಾಗಿ ಅವರ ಸಂಕಟ ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಆ ಚಳಿಗಾಲದ ಶನಿವಾರಗಳಲ್ಲಿ ಬಲೆ ಸುತ್ತುವಾಗ, ಕೋನ್ ಎತ್ತಿಡುವಾಗ ಅವರ ಕಥೆ ಚೂರು ಚೂರಾಗಿ ಸಿಕ್ಕಿತು. ಅವರದು ಕಲ್ಲಿದ್ದಲಿನ ಕಣಿವೆಯ ಊರು. ಅಪ್ಪ ಗಣಿಯಲ್ಲಿ ಇಳಿಯುವವರು. ಮಗ ಹದಿನಾರಕ್ಕೆ ಗಣಿ ಕಾರ್ಮಿಕರ ಕ್ಲಬ್ ಸೇರಿದ. ಹಾಸ್ಟೆಲಿನಲ್ಲಿ ಅವನ ರೂಮಿಗೆ ಬಿದ್ದವನೇ ದೋರು, ಎರಡು ವರ್ಷ ದೊಡ್ಡವನು, ಬಾಯಿ ಜೋರು. ದೋರು ಎಡಗಡೆ ಮುಂದೆ ಆಡುವವನು, ತ್ರಾಯನ್ ಅದೇ ಎಡಗಡೆ ಹಿಂದೆ. ಲೆಫ್ಟ್ ಬ್ಯಾಕ್. ಮುಂದಿನವನು ಚೆಂಡು ಕಳೆದುಕೊಂಡರೆ ಹಿಂದಿನವನು ಕಾಯಬೇಕು. ಹೀಗೆ ಒಂದೇ ಗೆರೆಯ ಪಕ್ಕ ಇಬ್ಬರೂ ಇಪ್ಪತ್ತು ವರ್ಷ ಓಡಿದರು. ಗಣಿ ಊರಿನಿಂದ ಮೊದಲ ದರ್ಜೆಯ ಕ್ಲಬ್ಬಿಗೆ ಹೋದದ್ದೂ ಜೊತೆಗೇ. ಒಂದು ಸೀಸನ್ ಟರ್ಕಿಗೆ ಹೋದರು. ಅಲ್ಲಿ ದೋರು ಊರಿನ ಸೂಪು ಬೇಕೆಂದು ಹಟ ಹಿಡಿದು ವಾಪಸ್ ಹೊರಟ, ಇವರೂ ಗಂಟು ಕಟ್ಟಿದರು.

"ಅವನಿಗೆ ಸೂಪು ಬೇಕಿತ್ತು, ಸರಿ. ನಿಮಗೇನಾಗಿತ್ತು?" ಎಂದು ಕೇಳಿದೆ.

"ನಾನು ಲೆಫ್ಟ್ ಬ್ಯಾಕ್. ಮುಂದೆ ಅವನಿಲ್ಲದಿದ್ರೆ ಯಾರ ಹಿಂದೆ ಆಡಲಿ?"

ಮೂವತ್ಮೂರು ದಾಟಿ ಕಾಲು ಸೋಲತೊಡಗಿದಾಗ ಮೆಲ್ಬರ್ನ್‌ನಿಂದ ಕರೆ ಬಂತು. ಅಲ್ಲಿಯ ರೊಮೇನಿಯಾದವರು ಕಟ್ಟಿಕೊಂಡ ಕ್ಲಬ್, ಹಗಲು ಕಾರಿನ ಬಿಡಿಭಾಗಗಳ ಫ್ಯಾಕ್ಟರಿಯಲ್ಲಿ ಕೆಲಸ, ಭಾನುವಾರ ಮ್ಯಾಚ್. ಇಬ್ಬರೂ ಬಂದರು. ಮೂರನೆಯ ವರ್ಷ ಟೀಮ್ ಫೈನಲ್ ತಲುಪಿತು. ದೋರುವಿನ ಮಂಡಿ ಅಷ್ಟರಲ್ಲಿ ಊದಿಕೊಂಡಿತ್ತು. ವಾಸಿಯಾಗಿದೆ ಎಂದು ಅವನು ಎಲ್ಲರಿಗೂ ಸುಳ್ಳು ಹೇಳುತ್ತಿದ್ದ. ಆಗ ಆ ಟೀಮಿಗೆ ಕೋಚ್ ಆಗಿದ್ದವರು ತ್ರಾಯನ್‌ನನ್ನು ಪಕ್ಕಕ್ಕೆ ಕರೆದು, "ನಿಜ ಹೇಳು, ಅವನ ಕೈಲಿ ಆಗತ್ತಾ?" ಎಂದು ಕೇಳಿದರು. ತ್ರಾಯನ್ "ಆಗಲ್ಲ" ಎಂದರು. ದೋರುವನ್ನು ಕೈಬಿಟ್ಟರು. ಅದು ಅವನು ಆಡಬಹುದಾಗಿದ್ದ ಕೊನೆಯ ಫೈನಲ್. ಟೀಮ್ ಗೆದ್ದಿತು. ಹೇಳಿದ್ದು ಯಾರೆಂದು ದೋರುವಿಗೆ ಗೊತ್ತಾಗಿತ್ತು. ಡ್ರೆಸ್ಸಿಂಗ್ ರೂಮಿನಲ್ಲಿ ಅವನು, "ಇನ್ನು ನನ್ನ ಕಣ್ಣಿಗೆ ಬೀಳಬೇಡ" ಎಂದ. ಇವರು ಆ ಮಾತು ಹಿಡಿದುಕೊಂಡು ಸಿಡ್ನಿಗೆ ಬಂದುಬಿಟ್ಟರು.

"ಹೇಳಿದ್ದು ನಿಜವೇ ಅಲ್ವಾ ಕೋಚ್?"

"ನಿಜ. ಆದ್ರೆ ಮೊದಲು ಅವನಿಗೆ ಹೇಳಬೇಕಿತ್ತು."

ಜುಲೈ ತಿಂಗಳಲ್ಲಿ ಆ ಕ್ಲಬ್ಬಿನ ಹಳೆಯ ಕಾರ್ಯದರ್ಶಿ ಕೋಚ್‌ಗೆ ಫೋನ್ ಮಾಡಿದರು. ದೋರುವಿಗೆ ಪಾರ್ಶ್ವವಾಯು ಹೊಡೆದು ವರ್ಷವಾಗಿದೆ, ನೆನಪು ಹೋಗುತ್ತಿದೆ, ಮೆಲ್ಬರ್ನ್‌ನ ಸನ್‌ಶೈನ್ ಕಡೆಯ ಒಂದು ಕೇರ್ ಹೋಮ್‌ನಲ್ಲಿದ್ದಾನೆ, ನೋಡಬೇಕೆನಿಸಿದರೆ ಬೇಗ ಬಾ ಎಂದರಂತೆ. ಕೋಚ್ ಎರಡು ವಾರ ಏನೂ ಮಾಡಲಿಲ್ಲ. ಆಮೇಲೆ ನನ್ನ ಹತ್ತಿರ ಬಂದು, "ನೀವು ಆಫೀಸ್ ಕೆಲಸಕ್ಕೆ ಮೆಲ್ಬರ್ನ್‌ಗೆ ಹೋಗ್ತಿರ್ತೀರಲ್ಲ, ನನ್ನ ಜೊತೆ ಬರ್ತೀರಾ?" ಎಂದು ಕೇಳಿದರು. ಆರಡಿ ಎತ್ತರದ ಮನುಷ್ಯ, ಶಾಲೆಯ ಮೊದಲ ದಿನದ ಮಗುವಿನಂತೆ ನಿಂತಿದ್ದರು. ನನಗೆ ಮುಂದಿನ ಸೋಮವಾರ ಅಲ್ಲಿ ಮೀಟಿಂಗ್ ಇತ್ತು. ಭಾನುವಾರವೇ ಹೊರಡೋಣ ಎಂದು ಇಬ್ಬರಿಗೂ ಟಿಕೆಟ್ ಬುಕ್ ಮಾಡಿದೆ.

ವಿಮಾನದಲ್ಲಿ ಅವರು ಹೊಸ ಷರ್ಟಿನ ಕಾಲರ್ ಎಳೆದುಕೊಳ್ಳುತ್ತಲೇ ಇದ್ದರು. "ಕ್ಷಮಿಸು ಅಂತ ಕೇಳೋಕೆ ಹೋಗ್ತಿಲ್ಲ," ಎಂದರು. "ಅಷ್ಟೆಲ್ಲ ಅವನಿಗೆ ಈಗ ತಿಳಿಯುತ್ತೋ ಇಲ್ವೋ. ಬ, ತ್ರಾಯನ್, ಅಂತ ಒಂದು ಸಲ ಅಂದ್ರೆ ಸಾಕು. ಬೈಕೊಂಡೇ ಅನ್ನಲಿ."

ಕೇರ್ ಹೋಮ್‌ನ ಬಾಗಿಲಲ್ಲಿ ಸಿಕ್ಕ ನರ್ಸ್ ಪಂಜಾಬಿನ ಹುಡುಗಿ. ನನ್ನ ಮುಖ ನೋಡಿದವಳೇ ಹಿಂದಿಗೆ ಇಳಿದಳು. "ಅವರಿಗೆ ಯಾರ ಗುರುತೂ ಸಿಗಲ್ಲ ದೀದಿ. ಆದ್ರೆ ಮನುಷ್ಯ ಬಂಗಾರ. ಎಲ್ಲರನ್ನೂ ಬ, ಬ ಅಂತ ಕರೀತಾರೆ. ನನಗೂ ಬ, ಡಾಕ್ಟರ್‌ಗೂ ಬ, ಊಟದ ಟ್ರಾಲಿ ತರೋನಿಗೂ ಬ. ಈಗ ನಾವೂ ಅವರಿಗೆ ಹಾಗೇ ಅಂತೀವಿ."

ನಾನು ಅದನ್ನು ಕೋಚ್‌ಗೆ ಹೇಳಿದೆ. ಅವರ ಮುಖ ಅರಳಿತು. ಊರಿಗೆಲ್ಲ ಹಂಚುತ್ತಿರುವ ಮಾತು ಇವರೊಬ್ಬರಿಗೆ ಸಿಗದೆ ಹೋದೀತೇ ಎಂದು ನನಗೂ ಧೈರ್ಯ ಬಂತು.

ದೋರು ಕಿಟಕಿಯ ಪಕ್ಕ ಗಾಲಿಕುರ್ಚಿಯಲ್ಲಿ ಕೂತಿದ್ದರು. ತೊಡೆಯ ಮೇಲೆ ಹೊದಿಕೆ, ನುಣ್ಣಗೆ ಬೋಳಿಸಿದ ಗಡ್ಡ, ಒಂದು ಕಡೆಗೆ ಸ್ವಲ್ಪ ಜಾರಿದ ಬಾಯಿ. ನರ್ಸ್ ಒಳಗೆ ಹೋದ ತಕ್ಷಣ "ಬ!" ಎಂದು ನಕ್ಕರು. ಕೋಚ್ ಬಾಗಿಲಲ್ಲೇ ನಿಂತುಬಿಟ್ಟರು. ದೋರು ಇವರತ್ತ ತಿರುಗಿ ಕಣ್ಣು ಕಿರಿದು ಮಾಡಿ ನೋಡಿದರು. ತುಂಬ ಹೊತ್ತು ನೋಡಿದರು. ಕೈ ಎತ್ತಿ ಬೆರಳು ತೋರಿಸಿ ತುಟಿ ಕೂಡಿಸಿದರು.

ಕೋಚ್ ಬಾಗಿಲ ಚೌಕಟ್ಟು ಹಿಡಿದುಕೊಂಡರು, ಬಿದ್ದೇಬಿಡುತ್ತಾರೇನೋ ಎಂದು ನನಗೆ ಗಾಬರಿ. ಮೂಲೆಯಲ್ಲಿದ್ದ ಕುರ್ಚಿಯನ್ನು ದರದರ ಎಳೆದು ತಂದು, "ಕೋಚ್, ಕೂತ್ಕೊಳ್ಳಿ. ಕೋಚ್, ಪ್ಲೀಸ್," ಎಂದೆ.

ದೋರು ಕೈ ಇಳಿಸಿದರು. ಬೆನ್ನು ನೆಟ್ಟಗೆ ಮಾಡಿ, ತಡಕಾಡುತ್ತಾ ಕತ್ತಿನ ಗುಂಡಿ ಹಾಕಿಕೊಂಡರು. ಏಳಲು ಹೋದರು, ನರ್ಸ್ ಹಿಡಿದು ಕೂರಿಸಿದಳು. ಆಮೇಲೆ ಮೆಲ್ಲಗೆ, ವಿನಯದಿಂದ ಮಾತಾಡತೊಡಗಿದರು. ಭಾಷೆ ನನಗೆ ಬಾರದು. ಒಂದು ಉದ್ದನೆಯ ಪದ ಮಾತ್ರ ಮತ್ತೆ ಮತ್ತೆ ಕಿವಿಗೆ ಬಿತ್ತು, ದುಮ್ನ್ಯಾವ್ವಾಸ್ತ್ರ. ಮಾತಿನ ನಡುವೆ ಹೊದಿಕೆ ಸರಿಸಿ ಮಂಡಿ ತಟ್ಟಿ ತೋರಿಸಿದರು, ಕಾಲು ಚಾಚಿ ತೋರಿಸಿದರು. ಕೋಚ್ ತಲೆ ತಗ್ಗಿಸಿ ಕೇಳಿ, ಎರಡು ಮೂರು ಮಾತು ಹೇಳಿದರು. ದೋರುವಿನ ಮುಖವೆಲ್ಲ ನಗುವಾಯಿತು. ಇವರ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದು ಕುಲುಕುತ್ತಾ ಇನ್ನೂ ಏನೋ ಹೇಳಿದರು. ಹೊರಡುವಾಗ ನನಗೂ "ಬ!" ಎಂದು ಕೈ ಬೀಸಿದರು. ಕೋಚ್‌ಗೆ ಮಾತ್ರ ತಲೆ ಬಾಗಿಸಿದರು.

ಬಸ್ ಸ್ಟಾಪ್ ತಲುಪುವವರೆಗೂ ನನ್ನ ಬಾಯಿ ನಿಲ್ಲಲಿಲ್ಲ. "ನೋಡಿದ್ರಾ ಕೋಚ್, ಸುಮ್ನೆ ಹೆದರ್ಕೊಂಡಿದ್ರಿ! ಎಷ್ಟು ಮರ್ಯಾದೆಯಿಂದ ಮಾತಾಡ್ಸಿದ್ರು!"

ಕೋಚ್ ಬೆಂಚಿನ ಮೇಲೆ ಕೂತರು. "ಮರ್ಯಾದೆ," ಎಂದರು. "ಹೌದು. ಆ ಉದ್ದನೆ ಪದ ಕೇಳಿಸ್ತಲ್ಲ, ಅದೇ. ಇಂಗ್ಲಿಷಲ್ಲಿ ಹೇಗೆ ಹೇಳೋದು ಗೊತ್ತಿಲ್ಲ. ಇಲ್ಲಿ ಎಲ್ಲರಿಗೂ ಒಂದೇ ಯು."

ನನಗೆ ತಟ್ಟನೆ ಹೊಳೆಯಿತು. "ನಮ್ಮಲ್ಲಿ ನೀವು ಅಂತೀವಿ. ಇನ್ನೂ ದೊಡ್ಡವರಿಗೆ ತಾವು."

"ಅದೇ. ನನ್ನನ್ನ ಆ ಹಳೇ ಕೋಚ್ ಅಂದ್ಕೊಂಡ. ನಾಳೆ ಫೈನಲ್ ಅಂತೆ. ಮಂಡಿ ವಾಸಿಯಾಗಿದೆ, ಬೇಕಾದ್ರೆ ತಾವೇ ನೋಡಿ, ತಾವು ದಯವಿಟ್ಟು ನನ್ನನ್ನ ಕೈಬಿಡಬೇಡಿ ಅಂದ. ತಾವು! ದೋರು, ನನಗೆ!"

ಎತ್ತಿದ ಆ ಬೆರಳು, ಬ ಎನ್ನಲು ಕೂಡಿದ ಆ ತುಟಿ. ಅದೇ ಗಳಿಗೆಗೆ ಸರಿಯಾಗಿ ನಾನು ಕುರ್ಚಿ ಎಳೆದುಕೊಂಡು ಕೋಚ್, ಕೋಚ್ ಎಂದು ಬಡಕೊಂಡಿದ್ದೆ. ತ್ರಾಯನ್ ಎಂದು ಹೆಸರು ಹಿಡಿದು ಕರೆದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಹಾಳು ಮರ್ಯಾದೆ ನನ್ನದು.

"ನಾನು ಕೋಚ್ ಅಂತ ಕೂಗದೆ ಇದ್ದಿದ್ರೆ..." ಎಂದೆ. ಅಳು ಬಂತು.

"ಗೊತ್ತಿಲ್ಲ," ಎಂದರು. ಹಾಗೇನಿಲ್ಲ ಬಿಡಿ ಎಂದು ಅವರು ಹೇಳಲಿಲ್ಲ, ಬೈಯಲೂ ಇಲ್ಲ.

ಬಸ್ ಬಂದು ನಿಂತಿತು. ಇಬ್ಬರೂ ಏಳಲಿಲ್ಲ. ಡ್ರೈವರ್ ಬಾಗಿಲು ಹಾಕಿಕೊಂಡು ಹೋದ.

"ಅವರು ಫೈನಲ್ ವಿಷಯ ಕೇಳಿದಾಗ ಏನು ಹೇಳಿದ್ರಿ?" ಎಂದು ಕೇಳಿದೆ.

"ಆಡ್ತೀಯ ಅಂದೆ. ಎಡಗಡೆ, ನಿನ್ನ ಜಾಗದಲ್ಲೇ ಅಂದೆ."

"ಆಮೇಲೆ ಕೈ ಹಿಡ್ಕೊಂಡು ನಗ್ತಾ ಏನೋ ಅಂದ್ರಲ್ಲ?"

ಅವರು ಹೊಸ ಷರ್ಟಿನ ಕಾಲರ್ ಗುಂಡಿ ಬಿಚ್ಚಿಕೊಂಡರು. ಆಮೇಲೆ ಹೇಳಿದರು.

"ತ್ರಾಯನ್ ಸಿಕ್ಕಿದ್ರೆ ತಾವು ಒಂದು ಮಾತು ಹೇಳಿ ಅಂದ. ಮಂಡಿ ಊದಿದಾಗಿಂದ ಆ ಕತ್ತೆ ಒಂದು ಸಲನೂ ನೋಡೋಕೆ ಬಂದಿಲ್ಲ. ನನಗೇನೂ ಕೋಪ ಇಲ್ಲ ಅಂತ ಹೇಳಿ. ಬಂದು ಹೋಗಲಿ, ಅಂದ."

"ನೀವೇನಂದ್ರಿ?"

"ಹೇಳ್ತೀನಿ ಅಂದೆ."