ಮೂರು ಬೆರಳು ದಪ್ಪದ ಗಿಟಾರ್

ಬ್ರನೋ ನಗರದಲ್ಲಿ ಹಳೆಯ ವಾದ್ಯಗಳ ಅಂಗಡಿ ಇಟ್ಟಿರುವ ನಮಗೆಲ್ಲ ಒತಕಾರ್ ಗೊತ್ತು. ಈ ನಿವೃತ್ತ ಟ್ರಾಮ್ ಚಾಲಕ ಪ್ರತಿ ಶನಿವಾರ ನಾನು ಬಾಗಿಲು ತೆಗೆಯುವ ಮೊದಲೇ ಮೆಟ್ಟಿಲ ಮೇಲೆ ನಿಂತಿರುತ್ತಾನೆ. ಅವನಿಗೆ ಬೇಕಾದದ್ದು ಮುಂಭಾಗದ ಹಲಗೆ ಕಮಾನಿನಂತೆ ಉಬ್ಬಿ, ಒಡಲು ಮಾತ್ರ ಮೂರು ಬೆರಳಷ್ಟು ತೆಳ್ಳಗಿರುವ ಜಾಜ್ ಗಿಟಾರ್, ಅದೂ ಪಿಂಚಣಿಗೆ ಎಟುಕುವಂಥದ್ದು. ಯಾವುದನ್ನು ಕೊಟ್ಟರೂ ತಂತಿ ಮುಟ್ಟುವುದಿಲ್ಲ. ಪಕ್ಕಕ್ಕೆ ತಿರುಗಿಸಿ, ಬೆರಳಿಟ್ಟು ದಪ್ಪ ಅಳೆಯುತ್ತಾನೆ. "ಇದು ಗಿಟಾರಲ್ಲ ಮಾರಾಯ, ಬಿಯರ್ ಪೀಪಾಯಿ" ಎನ್ನುತ್ತಾನೆ. ತೆಳ್ಳಗಿನದು ಸಿಕ್ಕರೆ ಬೆಲೆ ಕೇಳಿ, ನಿದ್ದೆಹೋದ ಮಗುವನ್ನು ಇಳಿಸುವಂತೆ ಮೆಲ್ಲಗೆ ಮರಳಿ ಇಡುತ್ತಾನೆ. ಊರಿನ ಅಂಗಡಿಗಳೆಲ್ಲ ಮುಗಿದ ಮೇಲೆ ರೈಲು ಹತ್ತಿ, ಗಡಿಯಂಚಿನಲ್ಲಿ ಗಿಟಾರ್ ಮಾಡುವ ಪಟ್ಟಣಕ್ಕೂ ಹೋಗಿ ಬರಿಗೈಯಲ್ಲಿ ಬಂದ. "ಮೂರು ವರ್ಷದಿಂದ ಅಳೀತಾನೇ ಇದ್ದೀಯಲ್ಲೋ, ಒಂದ್ಸಲನಾದ್ರೂ ನುಡಿಸು" ಎಂದು ಕಳೆದ ವಾರ ರೇಗಿಸಿದೆ. "ನಂಗೆಲ್ಲಿ ಬರುತ್ತೆ? ನುಡಿಸೋಳು ನನ್ನ ಹೆಂಡ್ತಿ ಯಾರ್ಮಿಲ" ಎಂದ. "ಭುಜದ ಆಪರೇಷನ್ ಆದ್ಮೇಲೆ ದಪ್ಪ ಗಿಟಾರಿನ ಮೇಲೆ ಅವಳ ಬಲಗೈ ಏರಲ್ಲ. ಇದ್ದದ್ದನ್ನ ಮಾರಿಬಿಟ್ಳು." "ಮತ್ತೆ ಬೇಕು ಅಂತಾಳಾ?" "ಬಾಯಿಬಿಟ್ಟು ಕೇಳಲ್ಲ ಕಣೋ" ಎಂದು ಒತಕಾರ್ ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. "ಆದ್ರೆ ತಂತಿ ಒತ್ತೋಕೆ ಅಡ್ಡ ಬರಬಾರ್ದು ಅಂತ ಎಡಗೈ ಉಗುರನ್ನ ಈಗ್ಲೂ ವಾರವಾರ ಕತ್ತರಿಸ್ಕೊಳ್ತಾಳೆ."