ಹದಿನಾರು ಸೋಮವಾರದ ಮಾತ್ರೆ

ಮದ್ದೂರಿನ ಒಂದು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಹಬ್ಬ, ಗೃಹಪ್ರವೇಶ ಹತ್ತಿರ ಬಂದರೆ ಹೆಂಗಸರು ಅಂಗಡಿ ಖಾಲಿಯಾಗುವುದನ್ನು ಕಾದು, ಮುಟ್ಟು ಮುಂದಕ್ಕೆ ಹಾಕುವ ಮಾತ್ರೆ ಕೇಳುತ್ತಾರೆ. ಕಾಗದದಲ್ಲಿ ಸುತ್ತಿ ಕೊಡುತ್ತೇನೆ.

ಮಳವಳ್ಳಿಗೆ ಕೊಟ್ಟಿರುವ ಅಕ್ಕನಿಗೂ ಹಾಗೆಯೇ ಕೊಟ್ಟೆ. ಮದುವೆಯಾಗಿ ಆರು ವರ್ಷ, ಮಕ್ಕಳಿರಲಿಲ್ಲ. ಮಗುವಿಗಾಗಿ ಹದಿನಾರು ಸೋಮವಾರದ ವ್ರತ ಹಿಡಿದಿದ್ದಳು. ನಡುವೆ ಯಾವ ಸೋಮವಾರ ಮುಟ್ಟಾದರೂ ಮತ್ತೆ ಒಂದರಿಂದ ಎಣಿಸಬೇಕೆಂದು ಅವಳ ಅತ್ತೆಯ ಕಟ್ಟುನಿಟ್ಟು. ಎರಡು ಸಲ ಹಾಗೆ ಮುರಿದಿತ್ತು. ಮೂರನೆಯ ಸಲ ಬಂದು ಬಂದು ಮಾತ್ರೆ ಒಯ್ದಳು. ಬೀದಿಯ ಹೆಂಗಸರಿಗೂ ಹಂಚುತ್ತಾಳೆ ಎಂದುಕೊಂಡೆ. ಕೇಳಲಿಲ್ಲ.

ಆಮೇಲೆ ಹನಿಹನಿಯಾಗಿ ರಕ್ತ ಕಾಣಿಸತೊಡಗಿತು. ಮಂಡ್ಯದ ಒಬ್ಬ ಲೇಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಯಾವುದಾದರೂ ಮಾತ್ರೆ ತಗೊಳ್ತಿದ್ದೀರಾ ಎಂದು ಅವರು ಕೇಳಿದರು.

“ಮೂರು ತಿಂಗ್ಳಿಂದ ಒಂದಿನಾನೂ ತಪ್ಪುಸಿಲ್ಲ ಕಣವ್ವ,” ಎಂದಳು ಅಕ್ಕ, ಹೆಮ್ಮೆಯಿಂದಲೇ.

ಡಾಕ್ಟರು ಪೆನ್ನು ಕೆಳಗಿಟ್ಟರು. “ಯಾರು ಕೊಟ್ಟಿದ್ದು?”

“ಇವ್ಳೇಯ. ನಮ್ ಉಡ್ಗಿ ಅಂಗ್ಡೀಲೇ ಅವ್ಳೆ, ನಂಗ್ಯಾತ್ರ ಭಯ?”

ಡಾಕ್ಟರು ನನ್ನನ್ನು ಬೈಯಲಿಲ್ಲ. ನಿಧಾನವಾಗಿ ವಿವರಿಸಿದರು. ಗರ್ಭಕೋಶದ ಒಳಪದರದಲ್ಲಿ ಹಾರ್ಮೋನನ್ನು ಹಿಡಿದುಕೊಳ್ಳುವ ಗ್ರಾಹಕಗಳಿರುತ್ತವೆ. ಮುಟ್ಟಿನ ಚಕ್ರದ ಮೊದಲರ್ಧದಲ್ಲಿ ಈಸ್ಟ್ರೋಜನ್ ಎಂಬ ಹಾರ್ಮೋನು ಈ ಗ್ರಾಹಕಗಳನ್ನು ಹೆಚ್ಚಿಸುತ್ತದೆ, ತನ್ನವನ್ನೂ ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹಾರ್ಮೋನಿನವನ್ನೂ. ಮೊಟ್ಟೆ ಬಿಡುಗಡೆಯಾದ ಮೇಲೆ ಪ್ರೊಜೆಸ್ಟರಾನ್ ಬಂದು ಎರಡನ್ನೂ ತಗ್ಗಿಸುತ್ತದೆ. ಈ ಏರಿಳಿತ ಸರಿಯಾಗಿ ನಡೆದರೇ ಭ್ರೂಣಕ್ಕೆ ಜಾಗ.

“ಈ ಮಾತ್ರೆ ಪ್ರೊಜೆಸ್ಟರಾನಿನ ಜಾತಿಯದ್ದೇ. ದಿನಾ ನುಂಗಿದರೆ ಮೊಟ್ಟೆಯೂ ಹೊರಗೆ ಬರೋದು ಕಷ್ಟ, ಪದರವೂ ಏಳಲ್ಲ. ಇಷ್ಟು ದಿನ ಮಗು ನಿಲ್ಲೋ ಹಾಗೇ ಇರಲಿಲ್ಲ.”

ವ್ರತ ಹಿಡಿದು ಮಗು ಬೇಡಿದ ಈ ಮೂರು ತಿಂಗಳೂ ಮಗುವನ್ನು ತಡೆದದ್ದು ನಾನು ಸುತ್ತಿಕೊಟ್ಟ ಪೊಟ್ಟಣ.

ಮಾತ್ರೆ ನಿಲ್ಲಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ, ಆರು ವರ್ಷ ಮಗುವಾಗದ ಕಾರಣವನ್ನು ಬೇರೆಯಾಗಿ ಹುಡುಕೋಣ ಎಂದರು ಡಾಕ್ಟರು.

ಹೊರಗೆ ಬಂದ ಮೇಲೆ ಅಕ್ಕ, “ಡಾಕ್ಟ್ರಮ್ಮಂಗೆ ದೇವ್ರು ದಿಂಡ್ರು ಇಲ್ಲ ಅಂತ ಕಾಣ್ತದೆ. ಇನ್ನ ಮೂರೇ ಸ್ವಾಮಾರ ಕಣಮ್ಮಿ, ಮುಗುಸ್ಬುಟ್ಟು ನಿಲ್ಲುಸ್ತೀನಿ,” ಎಂದಳು.

“ಬ್ಯಾಡ ಕಣಕ್ಕ. ಇವತ್ತೇ ನಿಲ್ಸು.”

“ನಮ್ಮತ್ತೆ ಸುಮ್ಕೆ ಬುಟ್ಟಾಳಾ? ನೀನ್ ಯೋಳ್ತೀಯಾ?”

ಆ ಅತ್ತೆಯ ಎದುರು ನಾನು ಎಂದೂ ದನಿ ಎತ್ತಿದವಳಲ್ಲ.

ಮದ್ದೂರಿನ ಬಸ್ಸು ಬಂತು, ಹೋಯಿತು. ಮಳವಳ್ಳಿ ಬಸ್ಸಿನಲ್ಲಿ ಅಕ್ಕನ ಪಕ್ಕ ಕುಳಿತೆ. ಗ್ರಾಹಕಗಳ ವಿಷಯವನ್ನು ಅತ್ತೆಗೆ ಹೇಗೆ ಹೇಳುವುದೋ ತಿಳಿಯಲಿಲ್ಲ. ಮೊದಲ ಮಾತು ಮಾತ್ರ ಗೊತ್ತಿತ್ತು: ಮಾತ್ರೆ ಕೊಟ್ಟವಳು ನಾನು.