ನಾಲ್ಕನೇ ಮೂಲೆಯ ರೊಟ್ಟಿ ಚೂರು

ಮದುವೆಯಾಗಿ ಕುಷ್ಟಗಿಗೆ ಬಂದ ವರ್ಷವೇ ಓಣಿಯವರು ನನ್ನನ್ನು ಅಕ್ಕಾರು ಎಂದು ಕರೆಯತೊಡಗಿದರು. ಶಾಲೆಯಲ್ಲಿ ಕಲಿಸುವ ಹೆಂಗಸರಿಗೆ ನಮ್ಮ ಕಡೆ ಹಾಗೆನ್ನುತ್ತಾರೆ. ನಾನು ಯಾವ ಶಾಲೆಯಲ್ಲೂ ಕಲಿಸಿದವಳಲ್ಲ. ಗಂಗಾವತಿಯ ಕಾನ್ವೆಂಟಿನಲ್ಲಿ ಓದಿದ್ದರಿಂದ ಇಂಗ್ಲಿಷು ಬರುತ್ತಿತ್ತು. ಸಂಜೆ ಪಡಸಾಲೆಯಲ್ಲಿ ಹನ್ನೊಂದು ಮಕ್ಕಳಿಗೆ ಪಾಠ ಹೇಳಿಕೊಡುತ್ತಿದ್ದೆ. ಕಾನ್ವೆಂಟಿನ ಸಿಸ್ಟರುಗಳು ನಮಗೆ ಸೂಜಿ ಕೆಲಸವನ್ನೂ ಕಲಿಸಿದ್ದರು. ಅಂಕ ಕೊಡುವಾಗ ಅವರು ಬಟ್ಟೆಯ ಮುಂಬದಿ ನೋಡುತ್ತಿರಲಿಲ್ಲ. ತಿರುವಿ ಹಾಕಿ, ಹಿಂಬದಿಯ ಗಂಟುಗಳನ್ನು ಬೆರಳಿನಿಂದ ಸವರಿ ನೋಡಿ ಅಂಕ ಹಾಕುತ್ತಿದ್ದರು.

ಹಿಂದಿನ ಓಣಿಯ ದೊಡ್ಡವ್ವ ಹೊಲಿದ ಕೌದಿಯನ್ನು ಮೊದಲ ಸಲ ಕೈಗೆತ್ತಿಕೊಂಡಾಗ ನಾನೂ ತಿರುವಿ ನೋಡಿದೆ. ಹಿಂದೆ ಮುಂದೆ ಎಂಬ ಭೇದವೇ ಅದಕ್ಕಿರಲಿಲ್ಲ. ಹಳೆ ಸೀರೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನಿಟ್ಟು, ಅಂಚಿನಿಂದ ನಡುವಿನ ಕಡೆಗೆ ಸುತ್ತುತ್ತ ಹೊಲಿದ ಹೊದಿಕೆ. ಜೋಳದ ಕಾಳಿನಷ್ಟು ಉದ್ದದ ಹೊಲಿಗೆ, ಸಾವಿರ ಹೊಲಿಗೆಗೂ ಒಂದೇ ಅಳತೆ. ದೊಡ್ಡವ್ವ ಯಲಬುರ್ಗಾ ಕಡೆಯವಳು. ಗಂಡ ತೀರಿಕೊಂಡ ಮೇಲೆ ಕೌದಿ ಹೊಲಿದೇ ಮನೆ ನಡೆಸಿದವಳು. ಬಾಣಂತಿಯ ಮನೆಯವರು, ಮಗಳ ಮದುವೆ ಇದ್ದವರು, ಸತ್ತ ತಾಯಿಯ ಸೀರೆಗಳನ್ನು ಉಡಲೂ ಆಗದೆ ಯಾರಿಗೋ ಕೊಡಲೂ ಆಗದೆ ಇದ್ದವರು, ಎಲ್ಲರೂ ಗಂಟು ಕಟ್ಟಿಕೊಂಡು ಅವಳ ಕಟ್ಟೆಗೇ ಬರುತ್ತಿದ್ದರು.

ಮಧ್ಯಾಹ್ನದ ಹೊತ್ತು ನಾನೂ ಅವಳೆದುರು ಕೂತು ಇನ್ನೊಂದು ಅಂಚಿನಿಂದ ಹೊಲಿಯಲು ಕಲಿತೆ.

"ಅಕ್ಕಾರ, ನಿಮ್ಮ ಹೊಲಿಗಿ ಛಲೋ ಐತಿ. ಆದ್ರ ಬಟ್ಟಿಗೆ ಎಲ್ಲಿ ನೋವಾದೀತು ಅನ್ನೋರಂಗ ಚುಚ್ತೀರಿ ನೋಡ್ರಿ," ಎಂದು ನಗುತ್ತಿದ್ದಳು.

ಮೂರು ಮೂಲೆ ಹೊಲಿದಾದ ಮೇಲೆ ನಾಲ್ಕನೆಯದನ್ನು ಎರಡು ಬೆರಳು ಹೋಗುವಷ್ಟು ಬಿಟ್ಟಿರುತ್ತಿದ್ದಳು. ಕೊನೆಯ ದಿನ ಆ ಸಂದಿಯೊಳಗೆ ಕಡಕ್ ರೊಟ್ಟಿಯ ಒಂದು ಚೂರು, ಕಡಲೆಕಾಳಿನಷ್ಟು ಬೆಲ್ಲ ಇಟ್ಟು ಮುಚ್ಚುತ್ತಿದ್ದಳು. ಯಾಕೆಂದು ಕೇಳಿದ್ದೆ.

"ಹಸದ ಕೌದಿ ಹೊದ್ದವ್ರಿಗೆ ನಿದ್ದಿ ಕೊಡಂಗಿಲ್ರಿ. ಹೊಟ್ಟಿ ತುಂಬಿಸಿ ಕಳಸಬೇಕು. ನಮ್ಮವ್ವ ಹಂಗ ಮಾಡ್ತಿದ್ಲು."

ಮೊದಲ ಒಗೆತಕ್ಕೆ ಅದು ಕರಗಿಹೋಗುತ್ತದೆ. ಅಲ್ಲಿಯವರೆಗೆ, ದಿನಾ ಕೌದಿಯನ್ನು ಬಿಸಿಲಿಗೆ ಹಾಕಿ ಕೊಡವುವ ಮನೆಗಳಲ್ಲಿ, ಇರುವೆಗೆ ಅದರ ಸುಳಿವೂ ಸಿಗುವುದಿಲ್ಲ.

ಇಂಟರ್‌ನೆಟ್ಟಿನಲ್ಲಿ ಜನರಿಂದ ಹಣ ಕೂಡಿಸುವ ಮಾತು ತಂದವಳು ನನ್ನ ನಾದಿನಿಯ ಮಗಳು. ಹುಬ್ಬಳ್ಳಿಯಲ್ಲಿ ಓದುವ ಹುಡುಗಿ, ರಜೆಗೆ ಬಂದಿದ್ದಳು. ನಾವು ಏನು ಮಾಡಬೇಕೆಂದಿದ್ದೇವೆ ಎಂದು ಒಂದು ಪುಟ ಬರೆದು ಹಾಕಿದರೆ ಮೆಚ್ಚಿದವರು ತಮಗೆ ತೋಚಿದಷ್ಟು ಕಳಿಸುತ್ತಾರಂತೆ. ಹೆಚ್ಚು ಕಳಿಸಿದವರಿಗೆ ಒಂದೊಂದು ಕೌದಿ. ಇಪ್ಪತ್ತು ಕೌದಿಯ ಗುರಿ ಇಟ್ಟುಕೊಂಡರೆ ವರ್ಷವಿಡೀ ನಾನೂ ದೊಡ್ಡವ್ವನೂ ಬೇರೆ ಕೆಲಸವಿಲ್ಲದೆ ನಮಗೆ ಬೇಕಾದ ಚಿತ್ತಾರಗಳನ್ನೇ ಹೊಲಿಯಬಹುದು.

ನಮಗೆ ಬೇಕಾದ ಚಿತ್ತಾರ. ಆ ಮಾತಿಗೆ ನಾನು ಸೋತೆ. ಪಾಠದ ನೋಟುಬುಕ್ಕಿನ ಹಿಂದಿನ ಹಾಳೆಗಳಲ್ಲಿ ಎಷ್ಟೋ ಕೌದಿಗಳನ್ನು ಪೆನ್ಸಿಲಿನಲ್ಲಿ ಬರೆದಿಟ್ಟುಕೊಂಡಿದ್ದೆ. ಬಿರಿದ ದಾಳಿಂಬೆಯದೊಂದು, ಮಳೆಗೆ ಮುಂಚಿನ ಎರೆಹೊಲದ ಬಿರುಕುಗಳದೊಂದು. ಊರಿನವರಿಗೆ ಅವರವರ ಸೀರೆ ಮುಖ್ಯ, ನನ್ನ ಚಿತ್ತಾರ ಯಾರಿಗೆ ಬೇಕಿತ್ತು? ಯಾರೋ ಕಾಣದವರು ಅವನ್ನು ನೋಡಿ ಹಣ ಕೊಡುತ್ತಾರೆ ಎಂದಾಗ ನನಗೆ ಮೈ ಹಗುರಾದಂತಾಯಿತು.

ದೊಡ್ಡವ್ವನ ಫೋಟೋ ತೆಗೆಯುವ ದಿನ ಅವಳು ದೀಪಾವಳಿಯ ಸೀರೆ ಉಟ್ಟು, ತಲೆಗೆ ಎಣ್ಣೆ ಹಚ್ಚಿ ಬಂದಿದ್ದಳು. ಹುಡುಗಿಯ ಮುಖ ಸಣ್ಣದಾಯಿತು.

"ಅಜ್ಜಿ, ದಿನಾ ಉಡೋ ಹಳೇ ಸೀರಿ ಉಟ್ಕೊಂಡ್ ಬರ್ರಿ. ಮೂಗಬಟ್ಟೂ ತಗೀರಿ."

"ಯಾಕವಾ?"

"ನೋಡಿದವ್ರಿಗೆ ಮನಸ್ಸು ಕರಗಬೇಕಲ್ರಿ."

"ಮಂದಿ ಮನಿಗೆ ಹೊಂಟೀನಿ, ಹರಕ ಸೀರಿ ಉಟ್ಕೊಂಡು ಹೋಗ್ಲೇನು? ನಾ ಏನ್ ಭಿಕ್ಷಾ ಬೇಡಾಕ ಕುಂತೀನೋ, ಕೌದಿ ಹೊಲ್ಯಾಕ ಕುಂತೀನೋ?"

ಕೊನೆಗೆ ಅವಳ ಮುಖ ಬಿಟ್ಟು ಕೈಗಳ ಫೋಟೋ ತೆಗೆದೆವು. ನಾನು ಇಂಗ್ಲಿಷಿನಲ್ಲಿ ಪುಟ ಬರೆದೆ. ಸಿಸ್ಟರು ಓದಿದ್ದರೆ ಒಳ್ಳೆಯ ಅಂಕವನ್ನೇ ಕೊಡುತ್ತಿದ್ದರೇನೋ. ಸೀರೆಯ ಪದರಗಳ ಬಗ್ಗೆ ಬರೆದೆ, ಹೊಲಿಗೆಯ ಬಗ್ಗೆ ಬರೆದೆ. ರೊಟ್ಟಿ ಚೂರಿನ ಬಗ್ಗೆ ಒಂದು ಸಾಲು ಬರೆದು ಅಳಿಸಿದೆ. ಓದಿದವರು ಏನೆಂದುಕೊಂಡಾರೋ ಎಂಬ ನಾಚಿಕೆ. ಕಾನ್ವೆಂಟಿನಲ್ಲಿ ಡಬ್ಬಿಯ ಮುಚ್ಚಳ ಮರೆಮಾಡಿ ರೊಟ್ಟಿ ತಿನ್ನುತ್ತಿದ್ದ ಹುಡುಗಿ ನನ್ನೊಳಗೆ ಇನ್ನೂ ಇದ್ದಳು.

ಮೊದಲ ತಿಂಗಳು ಎಷ್ಟು ಹಣ ಕೂಡಿತೆಂದು ತೋರಿಸುವ ಪುಟದ ಮೇಲಿನ ಹಸಿರು ಪಟ್ಟಿ ಸರಸರ ಏರಿತು. ಒಲೆಯ ಮೇಲೆ ಹಾಲಿಟ್ಟು ಫೋನು ನೋಡುವುದು, ಹಾಲು ಉಕ್ಕಿಸುವುದು ನನ್ನ ದಿನಚರಿಯಾಯಿತು. ಹೆಸರು ಗೊತ್ತಿಲ್ಲದ ಊರುಗಳಿಂದ ಹೊಗಳಿಕೆ ಬರುತ್ತಿತ್ತು. ಪ್ರತಿ ವಾರ ಹೊಸ ಫೋಟೋ, ಹೊಸ ಸುದ್ದಿ ಹಾಕಬೇಕಿತ್ತು. ಹಾಕದ ವಾರ ಪಟ್ಟಿ ನಿಂತಲ್ಲೇ ನಿಲ್ಲುತ್ತಿತ್ತು. ಹೊಲಿಯುವ ಮಧ್ಯಾಹ್ನಗಳಲ್ಲಿ ಅರ್ಧ, ಹೊಲಿಯುತ್ತಿರುವಂತೆ ತೋರಿಸುವುದಕ್ಕೆ ಹೋಯಿತು.

ಸಂಜೆಯ ಪಾಠ ನಿಲ್ಲಿಸಿದೆ. ದೊಡ್ಡವ್ವನಿಗೂ ಊರಿನ ಕೆಲಸ ಹಿಡಿಯಬೇಡ ಎಂದೆ.

ನಮ್ಮ ಮನೆಯವರು ಒಂದೇ ಒಂದು ಸಲ ಹೇಳಿದರು. "ಮಾರಿ ಕಾಣದ ಗಿರಾಕಿ ನಂಬಿ ಮನಿ ಬಾಗಿಲಿಗೆ ಬಂದ ಗಿರಾಕಿನ ಹೊಳ್ಳಿ ಕಳಸಬ್ಯಾಡ್ರಿ."

ಇದು ವ್ಯಾಪಾರವಲ್ಲ, ಕಲೆಗೆ ಕೊಡುವ ಬೆಂಬಲ ಎಂದು ನಾನು ಅವರಿಗೆ ತಿಳಿಸಿ ಹೇಳಿದೆ. ಆಗ ಅವರು ಊಟದ ತಟ್ಟೆಯ ಅಂಚಿನಲ್ಲಿದ್ದ ಉಪ್ಪನ್ನು ಬೆರಳಿನಿಂದ ಗುಡ್ಡೆ ಮಾಡುತ್ತಿದ್ದರು. ಆ ಉಪ್ಪಿನ ಗುಡ್ಡೆ ಈಗಲೂ ಕಣ್ಣ ಮುಂದಿದೆ.

ಆ ವಾರವೇ ಒಬ್ಬ ಹೆಂಗಸು ತೀರಿಕೊಂಡ ತನ್ನ ತಾಯಿಯ ಏಳು ಸೀರೆಗಳನ್ನು ಗಂಟು ಕಟ್ಟಿ ತಂದಿದ್ದಳು. ದೊಡ್ಡವ್ವ ನನ್ನ ಮುಖ ನೋಡಿದಳು. ಈ ವರ್ಷ ಆಗುವುದಿಲ್ಲ ಎಂದು ನಾನೇ ಹೇಳಿದೆ. ಆ ಹೆಂಗಸು ಗಂಟನ್ನು ಬಗಲಿಗೆ ಏರಿಸಿಕೊಳ್ಳುತ್ತ, "ಆತು ಬಿಡ್ರಿ. ಈಗ ನಿಮಗ ಫೋನಿನ ಗಿರಾಕಿ ಅದಾರ. ನಾವ್ಯಾಕ ಬೇಕು," ಎಂದು ಹೋದಳು. ಗಂಟಿನಿಂದ ಒಂದು ಹಸಿರು ಸೆರಗು ಇಳಿಬಿದ್ದು ಅವಳ ಹಿಮ್ಮಡಿಗೆ ತಾಗುತ್ತಿತ್ತು.

ಮಳೆಗಾಲ ಶುರುವಾಗುವಷ್ಟರಲ್ಲಿ ಆರು ಕೌದಿ ಮುಗಿದವು. ಪ್ರತಿಯೊಂದರ ನಾಲ್ಕನೇ ಮೂಲೆ ಮುಚ್ಚುವಾಗಲೂ ನಾನು ಎದುರಿಗೇ ಇದ್ದೆ. ಬೇಡವೆಂದು ಹೇಳಬೇಕೆನಿಸಿತು, ಹೇಳಲಿಲ್ಲ. ಪುಟದಲ್ಲಿ ತಿಳಿಸಬೇಕೆನಿಸಿತು, ಅದನ್ನೂ ಮಾಡಲಿಲ್ಲ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಪೆಟ್ಟಿಗೆಗೆ ಹಾಕಿ, ಬಸ್ಸಿನಲ್ಲಿ ಕೊಪ್ಪಳಕ್ಕೆ ಒಯ್ದು ಕೊರಿಯರ್ ಮಾಡಿ ಬಂದೆ.

ಮೂರು ವಾರಗಳ ನಂತರ ಒಬ್ಬಾಕೆ ಪುಟದ ಕೆಳಗೆ ಒಂದು ಫೋಟೋ ಹಾಕಿದಳು. ದಾಳಿಂಬೆಯ ಕೌದಿ. ಮೂಲೆಯ ತುಂಬ ಕೆಂಪಿರುವೆ, ನಡುವೆ ಬೂಷ್ಟು ಹಿಡಿದ ಒಂದು ಕಪ್ಪು ಚೂರು. ಮಗುವಿನ ಹಾಸಿಗೆಯ ಮೇಲೆ ಹಾಕಿದ್ದೆ, ಇದೇನು ಹೊಲಸು, ಎಂದು ಕೇಳಿದ್ದಳು. ಕೇಳಿದ್ದು ತಪ್ಪಲ್ಲ. ಮಗುವಿನ ತಾಯಿ ಕೇಳುವ ಮಾತೇ ಅದು. ಆದರೆ ಅವಳ ಕೆಳಗೆ ಅರವತ್ತು ಎಪ್ಪತ್ತು ಜನ ಬಂದು ಸೇರಿದರು. ಕೌದಿಯನ್ನು ಕಣ್ಣಿನಿಂದಲೂ ಕಾಣದವರು. ಮೋಸ ಎಂದರು, ಮಾಟ ಎಂದರು, ಬಡತನ ತೋರಿಸಿ ದುಡ್ಡು ಎತ್ತುವ ದಂಧೆ ಎಂದರು. ತಿಂಗಳ ಹಿಂದೆ ಕೈಮುಗಿದ ಚಿತ್ರ ಕಳಿಸಿದವರ ಹೆಸರುಗಳೂ ಅವುಗಳಲ್ಲಿದ್ದವು.

ಮರುದಿನ ಪುಟ ನಡೆಸುವ ಸಂಸ್ಥೆಯಿಂದ ಸಂದೇಶ ಬಂತು: ದೂರಿನ ಪರಿಶೀಲನೆ ಮುಗಿಯುವವರೆಗೆ ಉಳಿದ ಹಣ ತಡೆಹಿಡಿಯಲಾಗಿದೆ. ಕೆಳಗೆ ಯಾರ ಸಹಿಯೂ ಇರಲಿಲ್ಲ. ನಾನು ಉತ್ತರ ಬರೆದೆ, ಮತ್ತೆ ಬರೆದೆ. ಪ್ರತಿ ಸಲವೂ ಅದೇ ನಾಲ್ಕು ಸಾಲಿನ ಮರುಉತ್ತರ. ಕುಷ್ಟಗಿಯಲ್ಲಿ ಒಬ್ಬ ಗಿರಾಕಿ ಸಿಟ್ಟಾದರೆ ಅವರ ಮನೆಗೆ ಹೋಗಿ, ಕಟ್ಟೆಯ ಮೇಲೆ ಕೂತು, ಅವರು ಕೊಟ್ಟ ನೀರು ಕುಡಿದು ಮಾತಾಡಬಹುದು. ಇಲ್ಲಿ ಯಾರ ಕಟ್ಟೆಗೆ ಹೋಗಲಿ?

ಹೆದರಿ ಪುಟದಲ್ಲಿ ಎಲ್ಲರಿಗೂ ಕಾಣುವಂತೆ ಕ್ಷಮೆ ಕೇಳಿದೆ. ಏನು ಬರೆದೆ ಎಂದು ದೊಡ್ಡವ್ವ ಕೇಳಿದಾಗ, "ನಮ್ಮ ಪದ್ಧತಿ ಹಿಂಗೈತಿ ಅಂತ ಬರದೀನಿ," ಎಂದು ಸುಳ್ಳು ಹೇಳಿದೆ.

ಕ್ಷಮೆ ಕೇಳಿದ್ದರಿಂದ ಏನೂ ಆಗಲಿಲ್ಲ. ಒಬ್ಬೊಬ್ಬರಾಗಿ ಹಣ ವಾಪಸು ಕೇಳಿದರು. ತಡೆಹಿಡಿದದ್ದೆಲ್ಲ ಅವರಿಗೆ ಮರಳಿತು. ನಮ್ಮ ಕೈಗೆ ಬಂದದ್ದು ಮೊದಲ ಕಂತು ಮಾತ್ರ. ಅದು ಆಗಲೇ ಇಪ್ಪತ್ತು ಕೌದಿಗೆ ಬೇಕಾದ ಬಣ್ಣದ ಬಟ್ಟೆಯಾಗಿ ದೊಡ್ಡವ್ವನ ಮನೆಯ ಟ್ರಂಕಿನಲ್ಲಿ ಕೂತಿತ್ತು.

ಒಂದು ಮುಂಜಾನೆ ಕೊರಿಯರಿನವರು ಗೇಟಿನ ಹತ್ತಿರ ಒಂದು ಪೆಟ್ಟಿಗೆ ಇಟ್ಟು ಹೋದರು. ದಾಳಿಂಬೆಯ ಕೌದಿ ಹಿಂದಕ್ಕೆ ಬಂದಿತ್ತು. ಚೆನ್ನಾಗಿ ಒಗೆದು, ಇಸ್ತ್ರಿ ಮಾಡಿ, ಮಡಚಿ ಕಳಿಸಿದ್ದರು. ನಾಲ್ಕನೇ ಮೂಲೆಯನ್ನು ಕತ್ತರಿಯಿಂದ ನೇರವಾಗಿ ಕತ್ತರಿಸಿದ್ದರು. ಅಡಗಿಸಿಡಬಹುದಿತ್ತು. ಯಾಕೋ ಅದನ್ನೆತ್ತಿಕೊಂಡು ದೊಡ್ಡವ್ವನ ಮನೆಗೆ ಹೋದೆ.

ಅವಳು ಕತ್ತರಿಸಿದ ಜಾಗದಲ್ಲಿ ಎರಡು ಬೆರಳು ಆಡಿಸಿದಳು.

"ಹೊಲಿಗಿ ಬಿಚ್ಚಿದ್ರ ಆಗ್ತಿತ್ತು. ಕತ್ರಿ ಹಾಕ್ಯಾರ." ಸೂಜಿಯ ಡಬ್ಬಿಯನ್ನು ಹತ್ತಿರಕ್ಕೆ ಎಳೆದುಕೊಂಡು, "ಅಕ್ಕಾರ, ನೀವು ಅವ್ರಿಗೆ ಬರದದ್ದು ಫೋನಿನಾಗ ಐತೇನ್ರಿ? ಓದ್ರಿ ನೋಡೂಣು."

"ಇಂಗ್ಲಿಷಿನಾಗ ಐತಿ ದೊಡ್ಡವ್ವ."

"ಹನ್ನೊಂದು ಹುಡುಗ್ರಿಗೆ ತಿಳಿಯೋ ಹಂಗ ಹೇಳ್ತಿದ್ರಿ. ನನಗೂ ಹೇಳ್ರಿ."

ಓದಿದೆ. ಒಂದೊಂದೇ ಸಾಲು ಓದಿ ಕನ್ನಡದಲ್ಲಿ ಹೇಳಿದೆ. "ನಮ್ಮ ಕೌದಿ ಹೊಲಿಯುವ ವೃದ್ಧೆ ಓದು ಬಾರದವಳು. ಅವಳ ಮೂಢನಂಬಿಕೆಯಿಂದ ಈ ತಪ್ಪು ನಡೆದಿದೆ. ನನ್ನ ಗಮನಕ್ಕೆ ಬಂದಿರಲಿಲ್ಲ. ಇನ್ನು ಮುಂದೆ ನಾನೇ ಪರೀಕ್ಷಿಸಿ ಕಳಿಸುತ್ತೇನೆ."

ಅವಳು ಸೂಜಿಗೆ ದಾರ ಪೋಣಿಸುತ್ತಿದ್ದಳು. ಮೊದಲ ಸಲ ತಪ್ಪಿತು. ದಾರದ ತುದಿಯನ್ನು ನಾಲಗೆಗೆ ಹಚ್ಚಿ ಮತ್ತೆ ಪೋಣಿಸಿದಳು.

"ನೀವು ಎದುರಿಗೇ ಇದ್ರಲ್ರಿ."

ನಾನು ಫೋನನ್ನು ನೆಲದ ಮೇಲೆ ಬೋರಲು ಇಟ್ಟೆ.

"ಯಾಕ ಇಡ್ತೀವಿ ಅಂತ ಮೊದಲ ಹೇಳಿದ್ರ, ಬ್ಯಾಡಂದವ್ರಿಗೆ ಬಿಟ್ಟು ಹೊಲಿದು ಕೊಡ್ತಿದ್ದೆ. ಅದರಾಗೇನೈತಿ? ಸಣ್ಣ ಕೂಸಿನ ಹಾಸಿಗಿ ಅಂದ್ರ ನಾನೇ ಇಡಂಗಿಲ್ಲ. ಯಾರ ಮನಿಗೆ ಹೊಂಟೈತಿ, ಯಾರು ಹೊದೀತಾರ ಅಂತ ನಿಮ್ಮ ಫೋನಿನಾಗ ಒಬ್ಬರೂ ಹೇಳಲಿಲ್ಲ, ನೀವೂ ಕೇಳಲಿಲ್ಲ."

ಒಳಗೆ ಹೋಗಿ ರೊಟ್ಟಿಯ ಬುಟ್ಟಿಯಿಂದ ಒಂದು ಚೂರು ಮುರಿದು ತಂದಳು. ಬೆಲ್ಲ ತರಲಿಲ್ಲ. ಚೂರನ್ನು ಮೂಲೆಯಲ್ಲಿಟ್ಟು, ಕತ್ತರಿಸಿದ ಅಂಚನ್ನು ಒಳಕ್ಕೆ ಮಡಚಿ, ಹದಿನಾಲ್ಕು ಹೊಲಿಗೆ ಹಾಕಿ ಮುಚ್ಚಿದಳು. ಕೌದಿಯನ್ನು ನನ್ನ ತೊಡೆಯ ಮೇಲಿಟ್ಟಳು.

"ತಗೋರಿ. ಇದು ನಿಮ್ಮ ಚಿತ್ತಾರ."

ಇದಾಗಿ ಎರಡು ವರ್ಷ. ಪಾಠಕ್ಕೆ ಬರುತ್ತಿದ್ದ ಮಕ್ಕಳು ಬೇರೆ ಕಡೆ ಹೊಂದಿಕೊಂಡರು, ಕರೆದರೂ ಬರಲಿಲ್ಲ. ನನಗೆ ಅದರಿಂದ ಊಟವೇನೂ ತಪ್ಪಲಿಲ್ಲ, ಮನೆಯವರ ದುಡಿಮೆ ಇದೆ. ತಪ್ಪಿದ್ದು ದೊಡ್ಡವ್ವನಿಗೆ. ಹಿಂದಕ್ಕೆ ಕಳಿಸಿದ ಗಿರಾಕಿಗಳು ಬಜಾರದ ಮಷೀನು ಹೊಲಿಗೆಯವರ ಕಡೆ ಹೋದರು. ಆ ಏಳು ಸೀರೆಯ ಹೆಂಗಸಿನ ಮನೆಗೆ ನಾನೇ ಹೋಗಿದ್ದೆ. "ಆಗೇತಲ್ರೀ, ಎರಡು ದಿನದಾಗ ಹೊಲದು ಕೊಟ್ರು," ಎಂದು ಕೌದಿ ತಂದು ತೋರಿಸಿದಳು. ತಿರುವಿ ನೋಡಿದೆ. ಹಿಂಬದಿಯ ದಾರ ಸಡಿಲಾಗಿ ಜೋತು ಬಿದ್ದಿತ್ತು. ಛಲೋ ಐತಿ ಎಂದು ಹೇಳಿ ಬಂದೆ.

ನಮ್ಮ ಪುಟ ಇನ್ನೂ ಅಲ್ಲೇ ಇದೆ. ಮುಚ್ಚಲು ಹೋದರೆ ಕಾರಣ ಕೇಳುತ್ತದೆ, ಐದಾರು ಕಾರಣಗಳಲ್ಲಿ ಒಂದನ್ನು ಒತ್ತಬೇಕು. ನನ್ನ ಕಾರಣ ಅದರಲ್ಲಿಲ್ಲ.

ದೊಡ್ಡವ್ವ ಈಗ ದಾಳಿಂಬೆ ತೋಟಕ್ಕೆ ಕೂಲಿಗೆ ಹೋಗುತ್ತಾಳೆ. ಮುಂಜಾನೆ ನಾನು ಅಂಗಳಕ್ಕೆ ನೀರು ಹಾಕುವ ಹೊತ್ತಿಗೆ ತೋಟದ ಟೆಂಪೋ ನಮ್ಮ ಗೇಟಿನ ಮುಂದೆ ನಿಧಾನವಾಗುತ್ತದೆ. "ಅಕ್ಕಾರ, ಚಾ ಆತೇನ್ರಿ?" ಎಂದು ಮೊದಲಿನಂತೆಯೇ ಕೂಗುತ್ತಾಳೆ. ಆತು ಎನ್ನುತ್ತೇನೆ. ದಾಳಿಂಬೆ ಗಿಡಕ್ಕೆ ಮುಳ್ಳು ಬಹಳ. ಟೆಂಪೋದ ಕಂಬಿ ಹಿಡಿದ ಅವಳ ಬಲಗೈಯ ಎರಡು ಬೆರಳಿಗೆ ಬಟ್ಟೆ ಸುತ್ತಿರುತ್ತದೆ, ಸೂಜಿ ಹಿಡಿಯುತ್ತಿದ್ದ ಬೆರಳುಗಳಿಗೆ. ಆ ಕೆಂಪು ಬಟ್ಟೆಯ ಗುರುತು ನನಗಿದೆ. ಉಳಿದ ಹದಿನಾಲ್ಕು ಕೌದಿಗೆಂದು ನಾನೇ ಆರಿಸಿ ತಂದದ್ದು.